4,500 ರೂಪಾಯಿಯ ಫೌಂಡೇಶನ್ ಕೊಳ್ಳುವ ಮೊದಲು ಅರ್ಧ ಮುಖಕ್ಕೆ ಹಚ್ಚಿ ನೋಡಿ

ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಪ್ರೈಮರಿ ಶಾಲೆಯಲ್ಲಿ ಟೀಚರ್. ವಯಸ್ಸು 31. ಮೇ ತಿಂಗಳಲ್ಲಿ ತಂಗಿಯ ಮದುವೆ ಇದೆ. ಹೋದ ತಿಂಗಳು ನಾದಿನಿಯ ಸೀಮಂತಕ್ಕೆ ಅಂತ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 600 ರೂಪಾಯಿಯ ಲಿಕ್ವಿಡ್ ಫೌಂಡೇಶನ್ ತಗೊಂಡೆ. ಮನೆಯಲ್ಲಿ ಹಚ್ಚಿದಾಗ ಚೆನ್ನಾಗಿಯೇ ಇತ್ತು. ಊಟದ ಹೊತ್ತಿಗೆ ಮುಖಕ್ಕೆ ಬೂದಿ ಬಳಿದ ಹಾಗಾಗಿತ್ತು. ಮೂಗಿನ ಪಕ್ಕದಲ್ಲಿ ಬಿರುಕು ಬಿಟ್ಟಿತ್ತು. ಫೋಟೊದಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು 4,500 ರೂಪಾಯಿಯದ್ದು ಬಳಸುತ್ತಾಳೆ. "ಅಗ್ಗದ್ರಲ್ಲಿ ಸೀಸ ಇರುತ್ತೆ ಕಣೇ. ನನ್ನದ್ರಲ್ಲಿ ಸೀರಮ್ ಇದೆ, ಸನ್‌ಸ್ಕ್ರೀನ್ ಕೂಡ ಬೇಡ" ಅನ್ನುತ್ತಾಳೆ. ನನ್ನ ಹಣೆ, ಮೂಗು ಎಣ್ಣೆ ಎಣ್ಣೆ. ಕೆನ್ನೆ ಒಣ. ಎರಡೂ ಕೆನ್ನೆ ಮೇಲೆ ಬಂಗು ಇದೆ. ವರ್ಷಕ್ಕೆ ಎಂಟು ಹತ್ತು ಕಾರ್ಯಕ್ರಮಕ್ಕೆ ಬಿಟ್ಟರೆ ಬೇರೆ ದಿನ ನಾನು ಮೇಕಪ್ ಮಾಡಿಕೊಳ್ಳುವುದಿಲ್ಲ. ಅಮ್ಮ ಅಂತೂ "ಅದನ್ನೆಲ್ಲ ಹಚ್ಚಿ ಇರೋ ಚರ್ಮ ಹಾಳು ಮಾಡ್ಕೋಬೇಡ" ಅನ್ನುತ್ತಾರೆ. ಅಷ್ಟು ದುಡ್ಡು ಕೊಡಬಹುದಾ? ಕೊಡುವ ಮೊದಲು ಪರೀಕ್ಷೆ ಮಾಡೋದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. 600 ರೂಪಾಯಿಯದ್ದು ಯಾಕೆ ಕೈಕೊಟ್ಟಿತು ಅನ್ನೋದು ಒಂದು. 4,500 ಕೊಟ್ಟರೆ ಅದು ಸರಿಹೋಗುತ್ತದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಗೊತ್ತಾಗದೆ ಎರಡನೆಯದಕ್ಕೆ ದುಡ್ಡು ಹಾಕಬೇಡಿ. ನೀವು ಬರೆದಿರುವುದನ್ನು ಓದಿದರೆ ನಿಮಗೆ ಕೊಟ್ಟ ಶೇಡೇ ತಪ್ಪು ಅಂತ ನನಗೆ ಅನಿಸುತ್ತಿದೆ. ತಪ್ಪು ಶೇಡನ್ನು ದುಬಾರಿ ಬಾಟಲಿಯಲ್ಲಿ ತಂದರೂ ಮುಖ ಬೂದಿಯೇ ಆಗುತ್ತದೆ.

ನಾನು ಶಿವಮೊಗ್ಗದಲ್ಲಿ 17 ವರ್ಷದಿಂದ ಮದುಮಕ್ಕಳಿಗೆ ಮೇಕಪ್ ಮಾಡುತ್ತಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಛತ್ರಗಳಿಗೆ ಬೆಳಗಿನ ನಾಲ್ಕಕ್ಕೆ ಪೆಟ್ಟಿಗೆ ಹೊತ್ತು ಹೋಗಿ ಅಭ್ಯಾಸ. ನನ್ನ ಪೆಟ್ಟಿಗೆಯಲ್ಲಿ 500 ರೂಪಾಯಿಯ ಬಾಟಲಿಯೂ ಇದೆ, 5,000ದ್ದೂ ಇದೆ. ಎರಡೂ ಕೆಲಸ ಮಾಡಿದ್ದನ್ನು ನೋಡಿದ್ದೇನೆ, ಎರಡೂ ಕೆಟ್ಟದ್ದನ್ನೂ ನೋಡಿದ್ದೇನೆ.

ಮೊದಲು ಆ ಬೂದಿ ಬಣ್ಣದ ವಿಷಯ. ಅಂಗಡಿಯಲ್ಲಿ ಏನಾಯ್ತು ಅಂತ ನಾನು ಹೇಳಬಲ್ಲೆ. ಟ್ಯೂಬ್ ಲೈಟಿನ ಕೆಳಗೆ ನಿಮ್ಮ ಅಂಗೈ ಹಿಂಭಾಗಕ್ಕೆ ಒಂದು ಹನಿ ಹಚ್ಚಿದರು. "ಇದು ಹಾಕಿದ್ರೆ ಸ್ವಲ್ಪ ಬೆಳ್ಳಗೆ ಕಾಣ್ತೀರಾ ಅಕ್ಕ" ಅಂದರು. ನೀವು ಒಪ್ಪಿಕೊಂಡಿರಿ. ನಮ್ಮಲ್ಲಿ ಹತ್ತರಲ್ಲಿ ಎಂಟು ಜನ ಹೀಗೇ ಒಂದೆರಡು ಶೇಡ್ ತಿಳಿಯಾದ್ದನ್ನು ತಂದಿರುತ್ತಾರೆ. ಫೌಂಡೇಶನ್ನಿನ ಬಿಳಿ ಬರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿಯಿಂದ. ಶೇಡ್ ತಿಳಿಯಾದಷ್ಟೂ ಅದು ಜಾಸ್ತಿ. ಎಣ್ಣೆಗಪ್ಪು ಅಥವಾ ಗೋಧಿ ಬಣ್ಣದ ಚರ್ಮದ ಮೇಲೆ ಆ ಬಿಳಿ ಕೂತರೆ ಕಣ್ಣಿಗೆ ಬೂದಿಯಾಗಿ ಕಾಣುತ್ತದೆ. ಅದರ ಮೇಲೆ ಶೇಡಿನ ಒಳಬಣ್ಣ ಗುಲಾಬಿ ಇದ್ದರೆ ಇನ್ನೂ ಕಷ್ಟ. ನಮ್ಮ ಕಡೆಯವರ ಚರ್ಮದಲ್ಲಿ ಸಾಮಾನ್ಯವಾಗಿ ಹಳದಿಯ ಛಾಯೆ ಇರುತ್ತದೆ. ಕೆಲವರಲ್ಲಿ ಸ್ವಲ್ಪ ಹಸಿರಿನ ಕಡೆಗೂ ವಾಲುತ್ತದೆ. ಮನೆಯ ಟ್ಯೂಬ್ ಲೈಟಿನಲ್ಲಿ ಇದು ಗೊತ್ತಾಗುವುದಿಲ್ಲ. ಊಟಕ್ಕೆ ಪೆಂಡಾಲಿನ ಬೆಳಕಿಗೆ ಬಂದಾಗ ಬಯಲಾಗುತ್ತದೆ. ಅಂದರೆ ಅದು ಊಟದ ಹೊತ್ತಿಗೆ ಕೆಟ್ಟಿರಲಿಕ್ಕಿಲ್ಲ. ಬೆಳಿಗ್ಗೆಯೇ ಹಾಗಿತ್ತು, ನಿಮಗೆ ಕಂಡಿದ್ದು ಆಗ.

"ಫೌಂಡೇಶನ್ ಆಕ್ಸಿಡೈಸ್ ಆಯ್ತು", ಅಂದರೆ ಗಾಳಿ ತಾಗಿ ತುಕ್ಕು ಹಿಡಿದ ಹಾಗೆ ಬಣ್ಣ ಬದಲಾಯ್ತು, ಅಂತ ವಿಡಿಯೊಗಳಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಅದರಲ್ಲಿ ಅರ್ಧ ನಿಜ ಇದೆ. ಬಣ್ಣ ಬದಲಾಗುವುದು ನಿಜ, ಕಾರಣ ಬೇರೆ. ಫೌಂಡೇಶನ್ನಿನ ಕೆಂಪು, ಹಳದಿ, ಕಪ್ಪು ಎಲ್ಲ ಐರನ್ ಆಕ್ಸೈಡ್. ನಿಮ್ಮ ಜಗಲಿಯ ರೆಡ್ ಆಕ್ಸೈಡ್ ನೆಲ, ಜಂಬಿಟ್ಟಿಗೆಯ ಕೆಂಪು, ತೋಟದ ಕೆಮ್ಮಣ್ಣು, ಎಲ್ಲದರ ಬಣ್ಣಕ್ಕೂ ಇದೇ ಕಾರಣ. ಮುಖಕ್ಕೆ ಬಳಸುವುದನ್ನು ಶುದ್ಧವಾಗಿ ತಯಾರಿಸಿರುತ್ತಾರೆ, ಅಷ್ಟೇ ವ್ಯತ್ಯಾಸ. ಅದು ಆಗಲೇ ತುಕ್ಕು. ಮುಖದ ಮೇಲೆ ಮತ್ತೆ ತುಕ್ಕು ಹಿಡಿಯುವುದಿಲ್ಲ. ಒಣಗಿದ ಕೆಮ್ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಬಣ್ಣ ಗಾಢವಾಗುವುದನ್ನು ನೋಡಿದ್ದೀರಲ್ವಾ? ಮುಖದ ಎಣ್ಣೆ ಈ ಪುಡಿಯನ್ನು ನೆನೆಸಿದಾಗಲೂ ಹಾಗೇ. ಜೊತೆಗೆ ಬಾಟಲಿಯ ದ್ರವದಲ್ಲಿರುವ ನೀರು ಮತ್ತು ಹಗುರ ಸಿಲಿಕೋನ್ ಆರಿಹೋಗುತ್ತವೆ. ಬಣ್ಣ ಒತ್ತಾಗಿ ಉಳಿಯುತ್ತದೆ. ಹಾಗಾಗಿ ಹಚ್ಚಿದ ತಕ್ಷಣ ಕಂಡ ಬಣ್ಣವನ್ನು ನಂಬಬಾರದು. ಒಂದು ಗಂಟೆ ಬಿಟ್ಟು ಕಂಡಿದ್ದೇ ಅದರ ನಿಜವಾದ ಬಣ್ಣ. ಇದು ದುಬಾರಿ ಬಾಟಲಿಯಲ್ಲೂ ಆಗುತ್ತದೆ.

ಮೂಗಿನ ಪಕ್ಕದ ಬಿರುಕಿಗೆ ಕಾರಣ ಸರಳ. ಕೆಳಗಿನ ಕ್ರೀಮ್ ಇಂಗುವ ಮೊದಲೇ ಫೌಂಡೇಶನ್ ಹಚ್ಚಿದಿರಿ, ಅಥವಾ ಮುಚ್ಚಲಿ ಅಂತ ಎರಡು ಪದರ ಹಾಕಿದಿರಿ. ನಗುವಾಗ, ಮಾತಾಡುವಾಗ ಜಾಸ್ತಿ ಮಡಚುವ ಜಾಗ ಅದು. ದಪ್ಪ ಪದರ ಅಲ್ಲಿ ನಿಲ್ಲುವುದಿಲ್ಲ. ಕ್ರೀಮ್ ಹಚ್ಚಿ ಹತ್ತು ನಿಮಿಷ ಬಿಡಿ. ಮೂಗಿನ ಪಕ್ಕಕ್ಕೆ ಬೆರಳಿನಲ್ಲಿ ಉಳಿದದ್ದನ್ನಷ್ಟೇ ಒತ್ತಿ.

ದುಬಾರಿಯದ್ದು ಕೈಕೊಡುವುದು ಹೇಗೆ ಅಂತ ನಾನು ಕಲಿತದ್ದು ನೋವಿನಿಂದ. ಕೆಲಸ ಶುರು ಮಾಡಿ ಮೂರನೇ ವರ್ಷ. ಚೀಟಿ ದುಡ್ಡು ಬಂದಿತ್ತು. ಅಷ್ಟನ್ನೂ ಹಾಕಿ ಒಂದು ವಿದೇಶಿ ಕಂಪನಿಯ ಫೌಂಡೇಶನ್ ತರಿಸಿಕೊಂಡೆ. ಸಾಗರದ ಹತ್ತಿರದ ಒಂದು ಮದುವೆಗೆ ಅದನ್ನೇ ಬಳಸಿದೆ. ಕನ್ನಡಿಯಲ್ಲಿ ಹುಡುಗಿ ಚಂದ ಕಾಣುತ್ತಿದ್ದಳು. ನನಗೂ ಹೆಮ್ಮೆಯಾಗಿತ್ತು. ಒಂದು ತಿಂಗಳ ಮೇಲೆ ಅವಳ ತಾಯಿ ಆಲ್ಬಂ ಹಿಡಿದುಕೊಂಡು ಪಾರ್ಲರಿಗೆ ಬಂದರು. ಬೈಯಲಿಲ್ಲ. ಒಂದೊಂದೇ ಹಾಳೆ ತಿರುವಿ ತೋರಿಸಿದರು. ಸಂಜೆ ಆರತಕ್ಷತೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಪ್ರತಿ ಫೋಟೊದಲ್ಲೂ ಮುಖ ಸುಣ್ಣ ಬಳಿದಂತೆ ಬೆಳ್ಳಗೆ. ಕೈ, ಕುತ್ತಿಗೆ ಗೋಧಿ ಬಣ್ಣ. "ಕೈ ನನ್ನ ಮಗಳದ್ದೇ, ಮುಖ ಯಾರದ್ದಮ್ಮಾ?" ಅಂದರು. ಆ ಮಾತು ಇವತ್ತಿಗೂ ನೆನಪಿದೆ. ಅದರಲ್ಲಿದ್ದ ಬಿಳಿ ಸನ್‌ಸ್ಕ್ರೀನ್ ಪುಡಿ ಫ್ಲ್ಯಾಶಿನ ಬೆಳಕನ್ನು ವಾಪಸ್ ಎಸೆದಿತ್ತು. ಒಂದೇ ಒಂದು ಫ್ಲ್ಯಾಶ್ ಫೋಟೊ ಮೊದಲೇ ತೆಗೆದು ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು. ಆಮೇಲೆ ಯಾವ ಬಾಟಲಿಯನ್ನೂ ನಾನು ಪರೀಕ್ಷೆ ಮಾಡದೆ ಮದುಮಗಳ ಮುಖಕ್ಕೆ ತಂದಿಲ್ಲ.

ಹಾಗಾದರೆ ಜಾಸ್ತಿ ದುಡ್ಡಿಗೆ ಏನೂ ಸಿಗುವುದಿಲ್ಲವಾ? ಸಿಗುತ್ತದೆ. ಮೊದಲನೆಯದು ಶೇಡ್‌ಗಳ ಸಂಖ್ಯೆ. ಗಾಯಕಿ ರಿಹಾನಾ 2017ರಲ್ಲಿ ಫೆಂಟಿ ಬ್ಯೂಟಿ ಎಂಬ ಮೇಕಪ್ ಕಂಪನಿ ಶುರು ಮಾಡಿದಾಗ ಒಂದೇ ಸಲಕ್ಕೆ 40 ಶೇಡ್ ತಂದರು. ಆಮೇಲೆ ಬೇರೆ ಕಂಪನಿಗಳೂ ಕಂದು ಬಣ್ಣದ ಚರ್ಮದ ಕಡೆ ನೋಡಬೇಕಾಯಿತು. ಹತ್ತು ಶೇಡಿನಲ್ಲಿ ನಿಮ್ಮ ಬಣ್ಣ ಸಿಗದೆ ಇರಬಹುದು, ನಲವತ್ತರಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಎರಡನೆಯದು, ಒಳ್ಳೆಯ ಕಂಪನಿಗಳು ಬಣ್ಣದ ಪುಡಿಯನ್ನು ನುಣ್ಣಗೆ ಅರೆದು, ಅದರ ಕಣಕ್ಕೆ ತೆಳು ಲೇಪ ಕೊಟ್ಟಿರುತ್ತಾರೆ. ಅದು ಗುಂಪು ಕಟ್ಟುವುದಿಲ್ಲ, ಸಮನಾಗಿ ಹರಡುತ್ತದೆ. ಮೂರನೆಯದು ಹಿಡಿತ. ಆರಿದ ಮೇಲೆ ತೆಳು ಪೊರೆಯಾಗಿ ನಿಲ್ಲುವ ಪದಾರ್ಥ ಚೆನ್ನಾಗಿದ್ದರೆ ಬೆವರಿಗೆ ಬೇಗ ಜಾರುವುದಿಲ್ಲ. ಇನ್ನು ಉಳಿದ ದುಡ್ಡು ಗಾಜಿನ ಬಾಟಲಿ, ಪಂಪ್, ಸುವಾಸನೆ, ಜಾಹೀರಾತು, ಆಮದು ಸುಂಕ, ಮಾಲ್‌ನಲ್ಲಿ ನಿಂತು ಹಚ್ಚಿ ತೋರಿಸುವವರ ಸಂಬಳ, ಇದಕ್ಕೆಲ್ಲ ಹೋಗುತ್ತದೆ. ಅಗ್ಗದ ಮೇಬಿಲಿನ್ ಮತ್ತು ದುಬಾರಿ ಲ್ಯಾಂಕೋಮ್ ಎರಡೂ ಲೋರಿಯಲ್ ಎಂಬ ಒಂದೇ ಕಂಪನಿಯವು. ಎರಡರಲ್ಲೂ ಒಂದೇ ಸರಕು ತುಂಬುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಅಗ್ಗದ್ದನ್ನು ಮಾಡುವವರಿಗೆ ವಿದ್ಯೆ ಗೊತ್ತಿಲ್ಲ ಅನ್ನುವ ಮಾತು ಸುಳ್ಳು.

ನನ್ನ ಕೈ ಹೇಳುವ ಲೆಕ್ಕ ಹೀಗಿದೆ. 200 ರೂಪಾಯಿಯದ್ದಕ್ಕೂ 700ರದ್ದಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. 700ರಿಂದ 1,500ಕ್ಕೆ ಹೋದರೆ ಹಿಡಿತದಲ್ಲಿ ಸ್ವಲ್ಪ ಗೊತ್ತಾಗುತ್ತದೆ. 1,500ರಿಂದ 4,500ಕ್ಕೆ ಏರಿದಾಗ ಸಿಗುವುದು ತೀರಾ ಕಡಿಮೆ. ಕ್ಯಾಮೆರಾ ಹತ್ತಿರ ಬರುವ ಮದುಮಗಳಿಗೆ ಅದು ಬೇಕಾಗಬಹುದು. ಬಡಿಸಲು ಓಡಾಡುವ ಅಕ್ಕನಿಗೆ ಬೇಕಾಗುತ್ತದಾ ಅಂತ ಯೋಚನೆ ಮಾಡಿ.

ನಿಮ್ಮ ಚಿಕ್ಕಮ್ಮನ ಮಗಳ ಮಾತುಗಳನ್ನು ಒಂದೊಂದಾಗಿ ನೋಡೋಣ. ಸೀಸದ ಭಯ. ನಮ್ಮ ದೇಶದ ನಿಯಮದ ಪ್ರಕಾರ ಸೌಂದರ್ಯವರ್ಧಕಗಳಿಗೆ ಬಳಸುವ ಬಣ್ಣದಲ್ಲಿ ಸೀಸ 20 ಪಿಪಿಎಂ ಮೀರಬಾರದು, ಆರ್ಸೆನಿಕ್ 2 ಪಿಪಿಎಂ ಮೀರಬಾರದು. 10 ಲಕ್ಷ ಪಾಲಿನಲ್ಲಿ 20 ಪಾಲು, 2 ಪಾಲು ಅಂತ ಲೆಕ್ಕ. 300 ರೂಪಾಯಿಯ ಬಾಟಲಿಗೂ 5,000ದ ಬಾಟಲಿಗೂ ಇದೇ ಮಿತಿ. ಭಯಪಡಬೇಕಾದ್ದು ಲೇಬಲ್ಲೇ ಸರಿ ಇಲ್ಲದ ಮಾಲಿಗೆ, ನಕಲಿಗೆ. ದೊಡ್ಡ ಹೆಸರಿನ ಬಾಟಲಿಯನ್ನೇ ಜಾಸ್ತಿ ನಕಲು ಮಾಡುತ್ತಾರೆ. 4,500ರದ್ದು ಜಾತ್ರೆ ಅಂಗಡಿಯಲ್ಲೋ ಮೊಬೈಲಿನಲ್ಲೋ 900ಕ್ಕೆ ಸಿಕ್ಕಿತು ಅಂದರೆ ಅದನ್ನು ಮುಟ್ಟಬೇಡಿ. ವಿದೇಶಿ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಡಬ್ಬದ ಮೇಲೆ ಇರಬೇಕು. ಇಲ್ಲಿನದಾದರೆ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇರಬೇಕು. ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕ ಎರಡರಲ್ಲೂ ಇರಬೇಕು.

ಸೀರಮ್, ಅಂದರೆ ಚರ್ಮದ ಆರೈಕೆಗೆ ಹಚ್ಚುವ ದ್ರವ, ಇದೆ ಅನ್ನೋದು. ಇರಬಹುದು. ಎಷ್ಟಿದೆ ಅನ್ನೋದು ಪ್ರಶ್ನೆ. ಲೇಬಲ್‌ನಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ, ಕಡಿಮೆ ಇರುವುದು ಆಮೇಲೆ. ಆದರೆ ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಹೆಸರು ದೊಡ್ಡದಾಗಿ ಡಬ್ಬದ ಮುಂದೆ ಇದ್ದರೂ ಒಳಗೆ ಚಿಟಿಕೆಯಷ್ಟು ಇರಬಹುದು. ಅಲ್ಲದೆ ವರ್ಷಕ್ಕೆ ಹತ್ತು ದಿನ ಹಚ್ಚಿ ಸಂಜೆ ತೊಳೆಯುವುದರಿಂದ ಬಂಗು ಹೋಗುವುದಿಲ್ಲ. ಸೀರಮ್ ಬೇಕಿದ್ದರೆ ಸೀರಮ್ಮನ್ನೇ ತಗೊಳ್ಳಿ.

ಸನ್‌ಸ್ಕ್ರೀನ್ ಬೇಡ ಅನ್ನುವ ಮಾತನ್ನು ಮಾತ್ರ ಖಂಡಿತ ಕೇಳಬೇಡಿ. ಬಂಗು ಇರುವವರಂತೂ ಕೇಳಲೇಬಾರದು. ಬಿಸಿಲಿನಿಂದ ಎಷ್ಟು ರಕ್ಷಣೆ ಅಂತ ಹೇಳುವ, ಡಬ್ಬದ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಅಳೆಯುವಾಗ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಅಷ್ಟು ದಪ್ಪಕ್ಕೆ ಫೌಂಡೇಶನ್ ಬಳಿದರೆ ಯಕ್ಷಗಾನದ ವೇಷ ಕಟ್ಟಿದ ಹಾಗೆ ಕಾಣುತ್ತದೆ. ನಾವು ಹಚ್ಚುವುದು ಅದಕ್ಕಿಂತ ತುಂಬ ತೆಳು. ಹಾಗಾಗಿ ಕೆಳಗೆ ಬೇರೆ ಸನ್‌ಸ್ಕ್ರೀನ್ ಇರಲೇಬೇಕು. ಒಂದು ಸಮಾಧಾನದ ವಿಷಯ ಇದೆ. ಬಂಗು ಕಪ್ಪಾಗುವುದರಲ್ಲಿ ಕಣ್ಣಿಗೆ ಕಾಣುವ ಮಾಮೂಲಿ ಬೆಳಕಿನ ಪಾಲೂ ಇದೆ. ಐರನ್ ಆಕ್ಸೈಡ್ ಆ ಬೆಳಕನ್ನು ಸ್ವಲ್ಪ ತಡೆಯುತ್ತದೆ. ಆ ಉಪಕಾರ ನಿಮ್ಮ 600ರ ಬಾಟಲಿಯಲ್ಲೂ ಇದೆ.

ಈಗ ದುಡ್ಡಿನ ಲೆಕ್ಕ. ಬಾಟಲಿ ಸಾಮಾನ್ಯವಾಗಿ 30 ಮಿಲಿ. ಒಂದು ಸಲಕ್ಕೆ ಅರ್ಧ ಮಿಲಿ ಸಾಕು. ದಿನಾ ಮೇಕಪ್ ಮಾಡಿಕೊಂಡು ಆಫೀಸಿಗೆ ಹೋಗುವ ನಿಮ್ಮ ಚಿಕ್ಕಮ್ಮನ ಮಗಳಿಗೆ ಅದು 60 ದಿನ ಬರುತ್ತದೆ. ದಿನಕ್ಕೆ 75 ರೂಪಾಯಿ ಬಿತ್ತು. ನೀವು ವರ್ಷಕ್ಕೆ ಹತ್ತು ಸಲ ಹಚ್ಚುತ್ತೀರಿ. ಅಂದರೆ 5 ಮಿಲಿ. ಬಾಟಲಿಯ ಮೇಲೆ ಮುಚ್ಚಳ ತೆರೆದ ಸಣ್ಣ ಡಬ್ಬಿಯ ಚಿತ್ರ, ಅದರೊಳಗೆ 12 ಅನ್ನುವ ಅಂಕೆ ಇದೆಯಾ ನೋಡಿ. ತೆರೆದ ಮೇಲೆ 12 ತಿಂಗಳು ಬಳಸಬಹುದು ಅಂತ ಅರ್ಥ. ವರ್ಷ ಮುಗಿದ ಮೇಲೆ ನಿಮ್ಮ ಬಾಟಲಿಯಲ್ಲಿ ಇನ್ನೂ 25 ಮಿಲಿ ಉಳಿದಿರುತ್ತದೆ, ಅದನ್ನು ಚೆಲ್ಲಬೇಕು. ಹತ್ತು ಸಲಕ್ಕೆ 4,500 ಅಂದರೆ ಒಂದು ಸಲಕ್ಕೆ 450 ರೂಪಾಯಿ. 600ರದ್ದಾದರೆ 60. ಅದೇ ಬಾಟಲಿ, ಅದೇ ಬೆಲೆ. ನಿಮ್ಮಿಬ್ಬರಿಗೆ ಬೀಳುವ ಖರ್ಚು ಬೇರೆ ಬೇರೆ. ಈ ಲೆಕ್ಕವನ್ನು ಯಾವ ಅಂಗಡಿಯವರೂ ಹಾಕಿ ಕೊಡುವುದಿಲ್ಲ.

ಇಷ್ಟಾದರೂ ಆಸೆ ಇದ್ದರೆ ತಪ್ಪಿಲ್ಲ. ತಂಗಿಯ ಮದುವೆ ಮತ್ತೆ ಬರುವುದಿಲ್ಲ. ಪರೀಕ್ಷೆ ಮಾಡಿ ಕೊಳ್ಳಿ.

ಬೆಂಗಳೂರಿಗೆ ಹೋದಾಗ ಆ ಕಂಪನಿಯ ಕೌಂಟರಿಗೆ ಹೋಗಿ ಸ್ಯಾಂಪಲ್ ಕೇಳಿ. ಕೇಳಲು ನಾಚಿಕೆ ಬೇಡ. 4,500 ಕೊಡುವವರಿಗೆ ಕೇಳುವ ಹಕ್ಕಿದೆ. ಮನೆಯಲ್ಲಿ ಮುಚ್ಚಳ ಬಿಗಿ ಇರುವ ಸಣ್ಣ ಕುಂಕುಮದ ಡಬ್ಬಿ ಇರುತ್ತದಲ್ಲ, ಅದನ್ನು ಬಿಸಿನೀರಲ್ಲಿ ತೊಳೆದು, ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಿಸಿ ತೆಗೆದುಕೊಂಡು ಹೋಗಿ. ನಾಲ್ಕೈದು ಪಂಪ್ ಹಾಕಿಸಿಕೊಂಡರೆ ಪರೀಕ್ಷೆಗೆ ಸಾಕು. ಅಲ್ಲಿ ಎಲ್ಲರೂ ಮುಟ್ಟಿದ ಟೆಸ್ಟರನ್ನು ನೇರವಾಗಿ ಮುಖಕ್ಕೆ ಹಚ್ಚಿಸಿಕೊಳ್ಳಬೇಡಿ. ನಿಮಗೆ ಹೋಗಲಾಗದಿದ್ದರೆ ಚಿಕ್ಕಮ್ಮನ ಮಗಳಿಗೆ ಹೇಳಿ ನಿಮ್ಮ ಬಣ್ಣಕ್ಕೆ ಹತ್ತಿರದ ಎರಡು ಮೂರು ಶೇಡ್ ತರಿಸಿಕೊಳ್ಳಿ. ಅವಳ ಬಾಟಲಿಯಲ್ಲೇ ಪರೀಕ್ಷೆ ಮಾಡಬೇಡಿ, ಅದು ಅವಳ ಶೇಡ್.

ಮೊದಲು ಚರ್ಮ ಒಪ್ಪುತ್ತದಾ ನೋಡಿ. ಮೊಣಕೈ ಒಳಭಾಗದಲ್ಲಿ ನಾಲ್ಕಾಣೆ ಅಗಲದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ. ತುರಿಕೆ, ಕೆಂಪು, ಸಣ್ಣ ಗುಳ್ಳೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬೆಲೆ ಜಾಸ್ತಿ ಇದ್ದರೆ ಅಲರ್ಜಿ ಆಗುವುದಿಲ್ಲ ಅನ್ನುವ ಹಾಗಿಲ್ಲ. ದುಬಾರಿಯದ್ದರಲ್ಲಿ ಸುವಾಸನೆ ಹಾಕಿದ್ದರೆ ಅದೇ ಕೆಲವರಿಗೆ ಆಗುವುದಿಲ್ಲ.

ಆಮೇಲೆ ಶೇಡ್. ಕೈ ಮೇಲೆ ನೋಡುವುದನ್ನು ಬಿಟ್ಟುಬಿಡಿ. ಕೈಯ ಬಣ್ಣ ಮುಖದ ಬಣ್ಣ ಒಂದೇ ಇರುವುದಿಲ್ಲ. ದವಡೆಯಿಂದ ಕುತ್ತಿಗೆಗೆ ಇಳಿಯುವ ಜಾಗದಲ್ಲಿ ಮೂರು ಶೇಡಿನ ಮೂರು ಗೆರೆ ಎಳೆಯಿರಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಳದ ಅಂಚಿನಲ್ಲಿ, ಬಿಸಿಲು ನೇರ ಬೀಳದ ಕಡೆ ನಿಂತು ಕನ್ನಡಿ ಹಿಡಿಯಿರಿ. ಅಡಿಕೆ ತೋಟದ ನೆರಳಲ್ಲಿ ನಿಲ್ಲಬೇಡಿ. ಅಲ್ಲಿನ ಬೆಳಕೇ ಹಸಿರು. ಎಲ್ಲ ಶೇಡೂ ಅಲ್ಲಿ ಮೋಸ ಮಾಡುತ್ತವೆ. ಅಂಗಳಕ್ಕೆ ನೀಲಿ ಶೀಟ್ ಹೊದಿಸಿದ್ದರೆ ಅದರ ಕೆಳಗೂ ಬೇಡ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಯಾವ ಗೆರೆ ಹುಡುಕಿದರೂ ಸಿಗುವುದಿಲ್ಲವೋ ಅದು ನಿಮ್ಮ ಶೇಡ್. ಎರಡರ ನಡುವೆ ಅನುಮಾನ ಬಂದರೆ ಗಾಢವಾದ್ದನ್ನೇ ಆರಿಸಿಕೊಳ್ಳಿ. ಗಾಢವಾದ್ದು ಚರ್ಮದಲ್ಲಿ ಬೆರೆಯುತ್ತದೆ, ತಿಳಿಯಾದ್ದು ಎದ್ದು ಕಾಣುತ್ತದೆ.

ಇನ್ನು ಅರ್ಧ ಮುಖದ ಪರೀಕ್ಷೆ. ಇದಕ್ಕೆ ಒಂದು ಭಾನುವಾರ ಎತ್ತಿಡಿ. ಎರಡೂ ಕಡೆ ಅದೇ ಕ್ರೀಮ್, ಅದೇ ಸನ್‌ಸ್ಕ್ರೀನ್ ಹಚ್ಚಿ. ಒಂದು ಕೆನ್ನೆಗೆ ದುಬಾರಿಯದ್ದು, ಇನ್ನೊಂದಕ್ಕೆ ಅಗ್ಗದ್ದು. ಅಗ್ಗದ್ದೂ ನಿಮ್ಮ ಸರಿಯಾದ ಶೇಡೇ ಆಗಿರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಒಂದು ಮುಖ್ಯ ಮಾತು. ಹಚ್ಚುವುದು ನೀವಲ್ಲ, ನಿಮ್ಮ ತಂಗಿ. ನೀವು ಕಣ್ಣು ಮುಚ್ಚಿಕೊಂಡಿರಿ. ಯಾವ ಕಡೆ ಯಾವುದು ಅಂತ ಅವಳು ಚೀಟಿಯಲ್ಲಿ ಬರೆದು ಮಡಚಿ ಇಟ್ಟುಕೊಳ್ಳಲಿ. ಬೆಲೆ ಗೊತ್ತಿದ್ದರೆ ಕಣ್ಣು ದುಬಾರಿಯ ಕಡೆಗೇ ವಾಲುತ್ತದೆ. ನನ್ನ ಕಣ್ಣೂ ಹಾಗೇ, ಅದಕ್ಕೇ ನಾನೂ ಪಾರ್ಲರಿನ ಹುಡುಗಿಯರ ಕೈಯಲ್ಲಿ ಚೀಟಿ ಬರೆಸುತ್ತೇನೆ.

ಆಮೇಲೆ ಸುಮ್ನೆ ಮನೆಯಲ್ಲಿ ಕೂರಬೇಡಿ. ಮದುವೆ ದಿನ ಏನೇನು ಆಗುತ್ತದೋ ಅದನ್ನೆಲ್ಲ ಮಾಡಿ. ಒಲೆ ಮುಂದೆ ಅರ್ಧ ಗಂಟೆ ನಿಂತು ದೋಸೆ ಹುಯ್ಯಿರಿ, ಹೋಮದ ಶಾಖಕ್ಕೆ ಅದು ಸಮ. ಬಿಸಿ ಸಾರು ಹಾಕಿಕೊಂಡು ಊಟ ಮಾಡಿ. ಕಿಟಕಿ ಪಕ್ಕ ಕೂತು ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹಚ್ಚಿದ ತಕ್ಷಣ ಒಂದು, ಮೂರು ಗಂಟೆ ಕಳೆದ ಮೇಲೆ ಒಂದು, ಆರು ಗಂಟೆ ಕಳೆದ ಮೇಲೆ ಒಂದು, ಎಂಟು ಗಂಟೆ ಕಳೆದ ಮೇಲೆ ಒಂದು ಫೋಟೊ ತೆಗೆಯಿರಿ. ಅದೇ ಕಿಟಕಿ, ಅದೇ ದೂರ. ಮೊಬೈಲಿನ ಬ್ಯೂಟಿ ಮೋಡ್ ಆಫ್ ಇರಲಿ. ಪ್ರತಿ ಸಲವೂ ಫ್ಲ್ಯಾಶ್ ಹಾಕಿ ಒಂದು, ಹಾಕದೆ ಒಂದು. ಸಂಜೆ ಬಿಳಿ ಕರ್ಚೀಫಿನ ಎರಡು ಮೂಲೆ ಎರಡು ಕೆನ್ನೆಗೆ ಒತ್ತಿ, ಯಾವ ಕಡೆ ಬಣ್ಣ ಜಾಸ್ತಿ ಬಂತು ನೋಡಿ. ರವಿಕೆಯ ಕುತ್ತಿಗೆಗೂ ಅಷ್ಟೇ ಅಂಟುತ್ತದೆ. ಕೊನೆಗೆ ಅಮ್ಮನನ್ನು ಕರೆದು ಒಂದು ಮಾರು ದೂರ ನಿಲ್ಲಿಸಿ ಕೇಳಿ: "ಯಾವ ಕಡೆ ಚೆನ್ನಾಗಿದೆ?" ಆಮೇಲೆ ಚೀಟಿ ಬಿಚ್ಚಿ.

ಇನ್ನೊಂದು ಭಾನುವಾರ ಕಡೆ ಬದಲಾಯಿಸಿ ಇದನ್ನೇ ಮಾಡಿ. ಫೋನ್ ಹಿಡಿಯುವ ಕೆನ್ನೆಯ ಬಣ್ಣ ಬೇಗ ಒರೆಸಿಹೋಗುತ್ತದೆ. ಒಂದೇ ದಿನ ನೋಡಿದರೆ ತಪ್ಪು ಬಾಟಲಿಯ ಮೇಲೆ ಹೋಗುತ್ತದೆ. ಪರೀಕ್ಷೆಯನ್ನು ಏಪ್ರಿಲ್ ಸೆಕೆಯಲ್ಲೇ ಮಾಡಿ. ಜನವರಿಯ ಚಳಿಯಲ್ಲಿ ಎಲ್ಲ ಫೌಂಡೇಶನ್ನೂ ಚೆನ್ನಾಗಿಯೇ ನಿಲ್ಲುತ್ತದೆ. ಮೇ ತಿಂಗಳ ಮಧ್ಯಾಹ್ನ, ಮಳೆ ಬರುವ ಮುಂಚಿನ ಆ ಉಬ್ಬೆಯಲ್ಲಿ ನಿಂತರೆ ಮಾತ್ರ ನಿಮಗೆ ಉಪಯೋಗ.

ಚೀಟಿ ಬಿಚ್ಚಿದ ಮೇಲೆ ದಾರಿಗಳು ಇವು. ಅಮ್ಮನಿಗೆ ವ್ಯತ್ಯಾಸ ಕಾಣಲಿಲ್ಲ ಅಂದರೆ ಮದುವೆಗೆ ಬರುವ ನೆಂಟರಿಗೂ ಕಾಣುವುದಿಲ್ಲ. 4,500 ಉಳಿಯಿತು. ಈಗಿರುವ ಬಾಟಲಿಯ ಕಂಪನಿಯದ್ದೇ ಎರಡು ಶೇಡ್ ಗಾಢವಾದ್ದು, ಹಳದಿ ಛಾಯೆಯದ್ದು ಒಂದು ತಂದು ಎರಡನ್ನೂ ಬೆರೆಸಿ. ನಾನು ಈಗಲೂ ಹೀಗೆ ಬೆರೆಸುತ್ತೇನೆ. ಇದರಲ್ಲಿ ಒಂದು ಕಷ್ಟ ಇದೆ. ಪ್ರತಿ ಸಲ ಅದೇ ಅಳತೆ ಬರಬೇಕು, ಹನಿ ಎಣಿಸಿ ಬರೆದಿಟ್ಟುಕೊಳ್ಳಿ. ಆರು ಗಂಟೆ ಕಳೆದ ಮೇಲೆ ಅಗ್ಗದ್ದು ಜಾರಿತು, ದುಬಾರಿಯದ್ದು ನಿಂತಿತು ಅಂದರೆ ನಡುವಿನ ಬೆಲೆಯದ್ದನ್ನು, 1,000ದಿಂದ 1,500ರ ಒಳಗಿನದನ್ನು ಇದೇ ರೀತಿ ನೋಡಿ. ನಿಮ್ಮ ಬಳಕೆಗೆ ಅದು ಸರಿ ಅಂತ ನನ್ನ ಅಭಿಪ್ರಾಯ. ದುಬಾರಿಯದ್ದೇ ಬೇಕು ಅನಿಸಿದರೆ ಆ ಕಂಪನಿ 10 ಅಥವಾ 15 ಮಿಲಿಯ ಸಣ್ಣ ಬಾಟಲಿ ಮಾರುತ್ತದಾ ಕೇಳಿ. ಮಿಲಿ ಲೆಕ್ಕದಲ್ಲಿ ಬೆಲೆ ಜಾಸ್ತಿ ಬೀಳಬಹುದು. ಆದರೆ ಚೆಲ್ಲುವುದು ಕಡಿಮೆ.

ಬಂಗು ಮುಚ್ಚಲು ಫೌಂಡೇಶನ್ ಮೇಲೆ ಫೌಂಡೇಶನ್ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಕೆಳಗೆ ಕಿತ್ತಳೆ ಛಾಯೆಯ ಕರೆಕ್ಟರ್ (ಕಲೆಯ ಬಣ್ಣ ಮರೆಮಾಡುವ ಕ್ರೀಮ್) ಬಂಗು ಇರುವಲ್ಲಿ ಮಾತ್ರ ತೆಳ್ಳಗೆ ತಟ್ಟಿ, ಅದರ ಮೇಲೆ ಒಂದೇ ಪದರ. ಆಗ ಅಗ್ಗದ ಬಾಟಲಿಯೂ ನಿಮಗೆ ಸಾಕಾಗಬಹುದು. ಬಂಗಿಗೆ ಅಂತ ಮೆಡಿಕಲ್ ಶಾಪಿನಿಂದ ಡಾಕ್ಟರ ಚೀಟಿ ಇಲ್ಲದೆ ತಂದ ಕ್ರೀಮ್ ಏನಾದರೂ ಹಚ್ಚುತ್ತಿದ್ದೀರಾ? ಅಂಥ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಚರ್ಮ ತೆಳುವಾಗಿ, ಕೆಂಪಾಗಿ, ಯಾವ ಫೌಂಡೇಶನ್ ಹಚ್ಚಿದರೂ ಉರಿಯುತ್ತದೆ. ಹಾಗಿದ್ದರೆ ಪರೀಕ್ಷೆ ಮಾಡುವ ಮೊದಲು ಚರ್ಮದ ಡಾಕ್ಟರನ್ನು ನೋಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ತೋರಿಸಬಹುದು. ಕ್ರೀಮನ್ನು ಒಮ್ಮೆಲೇ ನಿಲ್ಲಿಸುವುದೋ ನಿಧಾನಕ್ಕೆ ಬಿಡುವುದೋ ಅವರೇ ಹೇಳಲಿ.

ಯಾವುದನ್ನೇ ತಗೊಂಡರೂ ಇಡುವ ಜಾಗದ ಮೇಲೆ ನಿಗಾ ಇರಲಿ. ಬಚ್ಚಲುಮನೆಯ ಕನ್ನಡಿ ಹತ್ತಿರ ಬೇಡ. ಅಲ್ಲಿ ಹಂಡೆಯ ಬಿಸಿ, ಹಬೆ ಎರಡೂ ಇರುತ್ತವೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಡಿ. ಸ್ಪಂಜಿನ ವಿಷಯ ಇನ್ನೂ ಮುಖ್ಯ. ಒಂದು ಆಷಾಢದಲ್ಲಿ ನಮ್ಮ ಪಾರ್ಲರಿನ ಸ್ಪಂಜೊಂದನ್ನು ಬ್ಲೇಡಿನಲ್ಲಿ ಎರಡು ಹೋಳು ಮಾಡಿ ನೋಡಿದೆ. ಮೇಲೆ ತೊಳೆದು ಗುಲಾಬಿಯಾಗಿ ಹೊಳೆಯುತ್ತಿತ್ತು. ಒಳಗೆ ನಡುವೆ ಸಾಸಿವೆ ಕಾಳಿನಂಥ ಕಪ್ಪು ಬೂಸ್ಟು. ನಮ್ಮ ಮಳೆಗಾಲದಲ್ಲಿ ಸ್ಪಂಜ್ ಒಣಗುವುದೇ ಇಲ್ಲ. ಫೌಂಡೇಶನ್ನನ್ನೂ ಅದೇ ಕುಡಿಯುತ್ತದೆ. ತೊಳೆದ ಬೆರಳಲ್ಲಿ ಹಚ್ಚಿ, ಚೆನ್ನಾಗಿ ಕೂರುತ್ತದೆ.

ಇನ್ನು ಅಮ್ಮನ ಮಾತು. ಫೌಂಡೇಶನ್ ಹಚ್ಚಿದ ಮಾತ್ರಕ್ಕೆ ಚರ್ಮ ಹಾಳಾಗುವುದಿಲ್ಲ ಅಂತ ಅವರಿಗೆ ಹೇಳಿ. ಆದರೆ ಅವರು ಹೆದರುವುದಕ್ಕೂ ಕಾರಣ ಇದೆ. ಮದುವೆ ಮುಗಿಸಿ ಸುಸ್ತಾಗಿ ಹಾಗೇ ಮಲಗಿಬಿಡುವವರನ್ನು ಅವರು ನೋಡಿರುತ್ತಾರೆ. ಎರಡು ದಿನದಲ್ಲಿ ಹಣೆ ತುಂಬ ಮೊಡವೆ. ಬೆವರಿಗೆ ಜಾರದೆ ನಿಲ್ಲುವ ಫೌಂಡೇಶನ್ ಬರೀ ನೀರಿಗೂ ಹೋಗುವುದಿಲ್ಲ. ರಾತ್ರಿ ಎಷ್ಟೇ ಹೊತ್ತಾಗಲಿ, ಮೇಕಪ್ ತೆಗೆಯುವ ಕ್ಲೆನ್ಸಿಂಗ್ ಎಣ್ಣೆ ಅಥವಾ ಬಾಮ್ ಹಚ್ಚಿ, ಬೆರಳ ತುದಿಯಲ್ಲಿ ಒಂದು ನಿಮಿಷ ಮೆತ್ತಗೆ ಆಡಿಸಿ, ಒದ್ದೆ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಿ ತೊಳೆಯಿರಿ. ಉಜ್ಜಬೇಡಿ, ಉಜ್ಜಿದರೆ ಬಂಗು ಇನ್ನೂ ಕಪ್ಪಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲೂ ಮೇಕಪ್ ಬಿಡುತ್ತದೆ. ಆದರೆ ನಿಮ್ಮ ಹಣೆ, ಮೂಗಿಗೆ ಅದು ಹಿಡಿಸಲಿಕ್ಕಿಲ್ಲ. ಆ ಎರಡು ಭಾನುವಾರವೂ ಸಂಜೆ ಹೀಗೇ ತೆಗೆಯಿರಿ. ಯಾವ ಕಡೆಯದ್ದು ಬಿಡಿಸಲು ಕಷ್ಟವಾಯಿತು ಅನ್ನುವುದನ್ನೂ ತಂಗಿಯ ಚೀಟಿಯಲ್ಲಿ ಬರೆಸಿ.